ಬದಿಯಿಂದ ಯಾರೂ ಬಾರದ ರಸ್ತೆ

ಗೋಕಾಕ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ನಾನು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಮೊಬೈಲು ಇನ್ನೂ ಯಾರ ಕೈಗೂ ಬಂದಿರದ ಕಾಲ ಅದು. ಕಾಲೇಜು ತಪ್ಪಿಸಿದ ಹುಡುಗರು, ಕೋರ್ಟಿನ ತಾರೀಖಿಗೆ ಬಂದು ವಕೀಲರಿಗಾಗಿ ಕಾದು ಬೇಸತ್ತವರು, ಬಸ್ಸು ತಪ್ಪಿದವರು, ಎಲ್ಲರೂ ನನ್ನ ಗಿರಾಕಿಗಳೇ. ಅಂಗಡಿಯ ಅಷ್ಟೂ ಯಂತ್ರಗಳಲ್ಲಿ ನಿಜಕ್ಕೂ ಒಳ್ಳೆಯ ಆಟ ಒಂದೇ ಇತ್ತು, ಅದನ್ನು ಯಾರೂ ಆಡುತ್ತಿರಲಿಲ್ಲ. ಅದರ ಬೆಲೆ ತಿಳಿದವರು ಒಬ್ಬರೇ, ಸರಕಾರಿ ಬಸ್ಸಿನ ಡ್ರೈವರ್ ಒಬ್ಬರು. ಅವರು ತೀರಿಕೊಂಡ ಸುದ್ದಿ ನನಗೆ ಹೋದ ವಾರ ಹುಕ್ಕೇರಿ ಸಂತೆಯಲ್ಲಿ ಸಿಕ್ಕಿತು.

ಹೇಳಿದವರು ಆ ಕಾಲದಲ್ಲಿ ಅವರ ಬಸ್ಸಿಗೆ ಕಂಡಕ್ಟರ್ ಆಗಿದ್ದವರು. ಈಗ ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. "ನಮ್ಮ ಡ್ರೈವರ್ ಕಾಕಾ ಹೋದ್ರಲ್ರಿ ಸಾವಕಾರ್ರ. ಮಣ್ಣಿಗೂ ಹೋಗಾಕ ಆಗಲಿಲ್ಲ ನನಗ" ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪಕ್ಕದಲ್ಲಿ ಬದನೆಕಾಯಿ ಹರವಿಕೊಂಡು ಕುಳಿತಿದ್ದ ಮುದುಕ ತಲೆ ಎತ್ತಿ ಕೇಳಿದ:

"ಯಾರ್ರಿ? ಮೂಡಲಗಿ ಗಾಡಿ ಹೊಡೀತಿದ್ದ ಆ ಸೊಕ್ಕಿನ ಡ್ರೈವರ್ರ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂತೆಯಲ್ಲಿ ನಿಂತು ಜಗಳ ಮಾಡುವ ವಯಸ್ಸು ನನ್ನದಲ್ಲ ಎಂದು ಸುಮ್ಮನೆ ಬಂದೆ. ಆದರೆ ಮನುಷ್ಯ ಸತ್ತ ಮೇಲೂ ಆ ಹೆಸರು ಉಳಿದುಕೊಂಡಿದೆ ಎಂದ ಮೇಲೆ ಯಾರಾದರೂ ಬರೆಯಲೇಬೇಕು. ಬರೆಯುವವರು ಬೇರೆ ಯಾರಿದ್ದಾರೆ?

ಮೊದಲು ಆ ಯಂತ್ರದ ಮಾತು. ಕೊಲ್ಲಾಪುರದಲ್ಲಿ ಬಾಗಿಲು ಹಾಕಿದ ಅಂಗಡಿಯೊಂದರಿಂದ ಹಳೆಯ ಯಂತ್ರಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಾಗ ಇದೂ ಜೊತೆಗೆ ಬಂತು. ಕುಳಿತು ಆಡಲು ಸೀಟು, ಕೈಗೆ ಸ್ಟೇರಿಂಗು, ಕಾಲಿಗೆ ಎರಡು ಪೆಡಲು, ಪಕ್ಕದಲ್ಲಿ ಗೇರಿನ ಕೋಲು. ಹೆಸರು ಜಪಾನಿ ಅಕ್ಷರದಲ್ಲಿತ್ತು, ನಮ್ಮೂರಲ್ಲಿ ಅದನ್ನು ಓದುವವರು ಯಾರು? ನಾವು "ಕೆಂಪು ಗಾಡಿ" ಎನ್ನುತ್ತಿದ್ದೆವು. ಪಾತ್ರೆ ಅಂಗಡಿಯ ಅರ್ಧ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದ ನಮ್ಮ ಅಪ್ಪ ಆ ಯಂತ್ರ ಇಳಿಸುವುದನ್ನು ನೋಡಿ, "ಇಷ್ಟ ಜಾಗಾದಾಗ ನೂರ ಹಂಡೇ ಇಡಬಹುದಿತ್ತು" ಎಂದಿದ್ದರು.

ಹುಡುಗರಿಗೆ ಅದು ರುಚಿಸಲಿಲ್ಲ. ಅವರಿಗೆ ಹೊಡೆದಾಟದ ಆಟಗಳೇ ಬೇಕು. "ಇದರಾಗ ಯಾರನ್ನೂ ಬಡ್ಯಾಕ ಬರೂದಿಲ್ಲಲಾ" ಎಂದು ಮೂಗು ಮುರಿದು ಎದ್ದುಬಿಡುತ್ತಿದ್ದರು. ನನಗೆ ಅದನ್ನು ಕೇಳಿದಾಗಲೆಲ್ಲ ಅವರ ತಲೆಗೆ ಒಂದು ಬಿಡಬೇಕು ಅನ್ನಿಸುತ್ತಿತ್ತು. ಏಕೆಂದರೆ ಆ ಆಟದ ಸೊಗಸೇ ಅದು. ಅಲ್ಲಿ ಗೆಲ್ಲಲು ಯಾರನ್ನೂ ಸೋಲಿಸಬೇಕಿರಲಿಲ್ಲ. ಸಮುದ್ರದ ದಂಡೆಯಿಂದ ರಸ್ತೆ ಹೊರಡುತ್ತದೆ. ಹಳದಿ ಹೊಲಗಳು, ಸುರಂಗ, ಉದ್ದನೆಯ ಸೇತುವೆ, ಹಿಮ ಬಿದ್ದ ಗುಡ್ಡ, ಎಲ್ಲ ದಾಟಿದರೆ ಕೊನೆಗೆ ಒಂದು ದೀಪದ ಕಂಬ. ದಾರಿಯಲ್ಲಿ ಅಲ್ಲಲ್ಲಿ ಕಮಾನುಗಳು. ಹೊತ್ತು ಮುಗಿಯುವುದರೊಳಗೆ ಕಮಾನು ದಾಟಿದರೆ ಮತ್ತಷ್ಟು ಹೊತ್ತು ಸಿಗುತ್ತದೆ, ಇಲ್ಲವಾದರೆ ಗಾಡಿ ತಾನಾಗಿ ನಿಲ್ಲುತ್ತದೆ. ದಿಬ್ಬ ಹತ್ತಿ ಆಚೆ ಇಳಿಯುವಾಗ ಗಾಡಿ ಒಂದು ಕ್ಷಣ ನೆಲ ಬಿಟ್ಟು ತೇಲುತ್ತದೆ, ಆಡುವವನ ಹೊಟ್ಟೆಯೂ ತೇಲುತ್ತದೆ. ತಿರುವಿನಲ್ಲಿ ಒಮ್ಮೆ ಕಾಲು ತೆಗೆದು ಮತ್ತೆ ಒತ್ತಿದರೆ ಗಾಡಿಯ ಹಿಂಭಾಗ ಜಾರಿದರೂ ಹಿಡಿತ ತಪ್ಪದೆ ಕೈಗೆ ಒಲಿದು ಬರುತ್ತದೆ. ಮರಕ್ಕೆ ಗುದ್ದಿದರೆ ಗಿರಗಿರ ತಿರುಗಿ ಮತ್ತೆ ರಸ್ತೆಗೇ ಬಂದು ನಿಲ್ಲುತ್ತದೆ. ಯಾರೂ ಸಾಯುವುದಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನೇ ಕುಳಿತು ಆಡುತ್ತಿದ್ದೆ, ಎದ್ದಾಗ ಮನಸ್ಸು ಹಗುರವಾಗಿರುತ್ತಿತ್ತು.

ಒಂದು ದಿನ ನಾಲ್ಕು ಗಂಟೆಯ ಸುಮಾರಿಗೆ ಖಾಕಿ ಅಂಗಿಯ ಆಸಾಮಿಯೊಬ್ಬರು ಬಾಗಿಲಲ್ಲಿ ನಿಂತು ಆ ಯಂತ್ರವನ್ನೇ ನೋಡುತ್ತಿದ್ದರು. ನಲವತ್ತು ದಾಟಿದ ವಯಸ್ಸು, ದಪ್ಪ ಮೀಸೆ, ಮೊಳಕೈವರೆಗೆ ಮಡಚಿದ ತೋಳು. ಹುಡುಗರನ್ನು ಬಯ್ಯಲು ಬಂದ ಯಾರದೋ ಅಪ್ಪ ಎಂದುಕೊಂಡೆ.

"ಅದ ಖರೇ ಸ್ಟೇರಿಂಗ ಏನ್ರಿ ಸಾವಕಾರ್ರ?"

"ಕುಂತ ನೋಡ್ರಿ ಕಾಕಾ" ಎಂದೆ.

ಕುಳಿತರು. ಅವರು ಆಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊದಲು ಇಲ್ಲದ ಕನ್ನಡಿಗಾಗಿ ಕತ್ತು ಹೊರಳಿಸಿದರು. ದಿಬ್ಬ ಬಂದರೆ ಗೇರು ಇಳಿಸಿದರು. ತಿರುವು ಬಂದರೆ ಬ್ರೇಕು ಹಾಕಿ, ಸ್ಟೇರಿಂಗಿನ ನಡುವೆ ಅಂಗೈಯಿಂದ ಗುದ್ದಿದರು. ಗಾಡಿ ಮೊದಲ ಕಮಾನನ್ನೂ ಮುಟ್ಟದೆ ನಿಂತಿತು. ಹುಡುಗರೆಲ್ಲ ಹೊಡೆದಾಟ ಬಿಟ್ಟು ಬಂದು ನೋಡುತ್ತಿದ್ದರು.

"ಈ ಗಾಡಿಗೆ ಹಾರ್ನ ಇಲ್ಲೇನ್ರಿ?" ಎಂದು ಅವರು ಗಂಭೀರವಾಗಿ ಕೇಳಿದರು. "ಹಾರ್ನ ಇಲ್ಲದ ಗಾಡಿ ರೋಡಿಗೆ ಹೆಂಗ ತಂದ್ರಿ?"

"ಮಂದಿ ಇಲ್ಲಲ್ರಿ ಕಾಕಾ ಇದರಾಗ. ಯಾರಿಗೆ ಹೊಡೀತೀರಿ?"

ಅವರು ಒಂದು ಗಳಿಗೆ ಪರದೆಯನ್ನೇ ದಿಟ್ಟಿಸಿದರು. "ಯಾರೂ ಇಲ್ಲ?" ಎಂದು ಮತ್ತೆ ಕೇಳಿ, ನಾನು ಇಲ್ಲವೆಂದ ಮೇಲೆ ಇನ್ನೊಮ್ಮೆ ಕುಳಿತರು. ಅಂದಿನಿಂದ ಡ್ಯೂಟಿ ಇಳಿದು ನೇರವಾಗಿ ನನ್ನ ಅಂಗಡಿಗೆ ಬರುವುದು ಅವರ ರೂಢಿಯಾಯಿತು.

ಅವರು ತುಕ್ಕಾನಟ್ಟಿಯ ಕಡೆಯವರು, ಕುರಿ ಕಾಯುವ ಮನೆತನ. ತಂದೆತಾಯಿ ಬೇಗ ಹೋಗಿ, ಅಕ್ಕನೇ ಸಾಕಿದ್ದಳು. ತಮ್ಮ ಸಾಲಿ ಕಲಿಯಲಿ ಎಂದು ಅವನ ಪಾಲಿನ ಕುರಿಗಳನ್ನೂ ತಾನೇ ಬೆನ್ನಟ್ಟಿಕೊಂಡು ಅಡವಿ ತಿರುಗಿದವಳು. ಅವರು ಲಾರಿ ಕ್ಲೀನರ್ ಆಗಿ, ಲಾರಿ ಡ್ರೈವರ್ ಆಗಿ, ಕೊನೆಗೆ ಸರಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದ ದಿನ ಆ ಅಕ್ಕ ಕಂಬಳಿ ಹೊದ್ದುಕೊಂಡೇ ಬಂದು ಮುಂದಿನ ಸೀಟಿನಲ್ಲಿ ಕುಳಿತು ಮೂಡಲಗಿಯಿಂದ ಗೋಕಾಕಕ್ಕೂ ಗೋಕಾಕದಿಂದ ಹುಕ್ಕೇರಿಗೂ ಸುಮ್ಮನೆ ಹೋಗಿ ಬಂದಿದ್ದಳಂತೆ. ಇದನ್ನು ಹೇಳುವಾಗ ಅವರ ಮೀಸೆ ಅಗಲವಾಗುತ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗೋಕಾಕದಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ಅವರಿಗಿದ್ದದ್ದು ಆ ಅಕ್ಕ ಮತ್ತು ಆ ಬಸ್ಸು.

ಆ ರೂಟಿನಲ್ಲಿ ಅವರ ಹೆಸರು ದೊಡ್ಡದಿತ್ತು. ನಿಲ್ದಾಣ ಇರಲಿ ಬಿಡಲಿ, ಹೊಲದ ಬದುವಿನಲ್ಲಿ ನಿಂತು ಯಾರು ಕೈ ಮಾಡಿದರೂ ಬಸ್ಸು ನಿಲ್ಲಿಸುತ್ತಿದ್ದರು. ಹಾಲಿನ ಕ್ಯಾನು, ಮೇವಿನ ಹೊರೆ, ಹಡೆಯಲು ಹೊರಟ ಹೆಣ್ಣುಮಗಳು, ಎಲ್ಲಕ್ಕೂ ಜಾಗ. ಡಿಪೋದವರು ತಕರಾರು ಮಾಡಿದರೆ, "ಕೈ ಮಾಡಿದಾವ್ರನ್ನ ಬಿಟ್ಟ ಹ್ಯಾಂಗ ಹೋಗಲ್ರಿ? ಅವರೇನ ನನಗ ಟಾಟಾ ಮಾಡಾಕತ್ತಾರೇನ?" ಎನ್ನುತ್ತಿದ್ದರಂತೆ. ನಮ್ಮ ಸೀಮೆಯಲ್ಲಿ ಬಸ್ಸು ನಿಲ್ಲಿಸುವ ಡ್ರೈವರನನ್ನು ಮನೆಮಗನ ಹಾಗೆ ನೋಡುತ್ತಾರೆ, ಮದುವೆಗೆ ಅಕ್ಷತೆ ಕೊಟ್ಟು ಕರೆಯುತ್ತಾರೆ. ನಿಲ್ಲಿಸದೆ ಹೋದವನಿಗೆ ಏಳು ತಲೆಮಾರಿನ ಬೈಗುಳ.

ಕೆಂಪು ಗಾಡಿ ಅವರ ಕೈಗೆ ಬರಲು ಸ್ವಲ್ಪ ಕಾಲ ಹಿಡಿಯಿತು. ಬಸ್ಸಿನ ಚಾಳಿ ಬಿಡಬೇಕಿತ್ತಲ್ಲ! ಒಮ್ಮೆ ಬಂದ ಮೇಲೆ ಮಾತ್ರ ಅವರನ್ನು ಹಿಡಿಯುವವರು ಇರಲಿಲ್ಲ. ಆ ದಪ್ಪ ಕೈಗಳು ಸ್ಟೇರಿಂಗನ್ನು ತಿರುಗಿಸುತ್ತಿರಲಿಲ್ಲ, ಬರೀ ಸವರುತ್ತಿದ್ದವು. ದಿಬ್ಬದ ಮೇಲಿಂದ ಗಾಡಿ ತೇಲಿದಾಗ "ಹಾ!" ಎಂದು ಚಿಕ್ಕ ಮಕ್ಕಳಂತೆ ಉದ್ಗರಿಸುತ್ತಿದ್ದರು. ತಿರುವಿಗೆ ಮುಂಚೆ ಪರದೆಯ ನಡುವೆ ಬಾಣದ ಗುರುತು ಮೂಡುತ್ತಿತ್ತು. ಅದನ್ನು ಕಂಡು, "ಈ ರೋಡ ಮಾಡಿದಾಂವ ಒಳ್ಳೇ ಮನಶಾ ಇರಬೇಕ್ರಿ ಸಾವಕಾರ್ರ. ಏನ ಬರತೈತಿ ಅನ್ನೂದನ್ನ ಮೊದಲ ಹೇಳ್ತಾನ" ಎಂದಿದ್ದರು. ದೀಪದ ಕಂಬ ಮುಟ್ಟಿದ ದಿನ ಎದ್ದು ನಿಂತು ಯಂತ್ರಕ್ಕೆ ಕೈ ಮುಗಿದು ಹೋಗುತ್ತಿದ್ದರು.

ಹೊತ್ತು ಇಳಿಯುವ ಮುಂಚೆ ಮಾತ್ರ ಹೊರಟುಬಿಡಬೇಕು. ಎಷ್ಟೇ ರಂಗೇರಿರಲಿ, ಬಾಗಿಲಿನ ಬಿಸಿಲು ಕೆಂಪಾಯಿತೆಂದರೆ ಎದ್ದರು. ನಾವು ಜೈನರು, ನಮ್ಮ ಮನೆಯಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಯಬೇಕು. ನಾನು ಮನೆಗೆ ಓಡುವ ಹೊತ್ತು, ಅವರು ಖೋಲಿಗೆ ಓಡುವ ಹೊತ್ತು ಒಂದೇ. "ನಿಮ್ಮದೂ ನಮ್ಮದೂ ಹೊತ್ತ ಮುಳಗೂದರಾಗ ಮುಗೀಬೇಕ್ರಿ" ಎಂದು ನಗುತ್ತಿದ್ದರು. ಡಿಪೋದಲ್ಲಿ ಹಟ ಹಿಡಿದು ಹಗಲು ಡ್ಯೂಟಿಯನ್ನೇ ಹಾಕಿಸಿಕೊಳ್ಳುತ್ತಾರೆಂದು ಕಂಡಕ್ಟರ್ ಹೇಳಿದಾಗ ನಮ್ಮ ಅಪ್ಪನಿಗೆ ಅವರ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. "ನಮ್ಮ ಮಂದ್ಯಾಂವ ಅಲ್ಲ, ಏನಲ್ಲ, ಆದ್ರೂ ನೋಡು, ರಾತ್ರಿ ಉಣ್ಣೂದಿಲ್ಲ ಅಂತ ವ್ರತಾ ಹಿಡದಾನ" ಎಂದು ನನಗೆ ಬುದ್ಧಿ ಹೇಳಿದರು. ಗೇಮಿನ ಅಂಗಡಿಗೆ ಕಾಲಿಡದ ನಮ್ಮ ಅಪ್ಪ ಅವರಿಗೆ ಮಾತ್ರ ಚಹಾ ಕಳಿಸುತ್ತಿದ್ದರು. ವ್ರತವೆಂದು ನಾನೂ ನಂಬಿದ್ದೆ.

ಆ ಚಹಾದಿಂದಲೇ ನನಗೆ ಮೊದಲ ಅನುಮಾನ ಬಂದದ್ದು. ಅವರು ಆಡುತ್ತಿದ್ದಾಗ ಎಡಗಡೆಯಿಂದ ಬಟ್ಟಲು ಚಾಚಿದೆ, ಅವರು ತೆಗೆದುಕೊಳ್ಳಲಿಲ್ಲ. ಆಟದ ಗುಂಗು ಎಂದುಕೊಂಡೆ. ಆಟ ಮುಗಿದ ಮೇಲೂ ಅದೇ. ಬಟ್ಟಲು ಅವರ ಕಿವಿಯ ಹತ್ತಿರವೇ ಇತ್ತು, ಅವರು ಎದ್ದ ಭರಕ್ಕೆ ಚಹಾ ನನ್ನ ಮೈಮೇಲೆಲ್ಲ ಚೆಲ್ಲಿತು. ಇನ್ನೊಂದು ಸಂಗತಿ. ಉಳಿದ ಹೊತ್ತು ಎಷ್ಟೆಂದು ಪರದೆಯ ಮೇಲಿನ ಮೂಲೆಯಲ್ಲಿ ದೊಡ್ಡ ಅಂಕಿ ಬರುತ್ತಿತ್ತು. ಆಟ ಗೊತ್ತಿಲ್ಲದವರೂ ಮೊದಲು ನೋಡುವುದು ಅದನ್ನೇ. ಅವರು ಒಮ್ಮೆಯೂ ನೋಡುತ್ತಿರಲಿಲ್ಲ. ಗಾಡಿ ನಿಂತಾಗಲೆಲ್ಲ ಬೆಚ್ಚಿಬಿದ್ದು "ಮುಗೀತೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ಇಷ್ಟು ಚೆನ್ನಾಗಿ ಆಡುವ ಮನುಷ್ಯನಿಗೆ ಅಷ್ಟು ದೊಡ್ಡ ಅಂಕಿ ಯಾಕೆ ತಿಳಿಯದು ಎಂದು ನನಗೆ ಸೋಜಿಗ.

ಅದೇ ದಿನಗಳಲ್ಲಿ ಅವರ ಮೇಲಿನ ದೂರುಗಳು ನನ್ನ ಕಿವಿಗೂ ಬೀಳತೊಡಗಿದವು. ಡ್ರೈವರ್ ಈಗ ಬದಲಾಗಿದ್ದಾನೆ, ಕೈ ಮಾಡಿದರೆ ತಿರುಗಿಯೂ ನೋಡುವುದಿಲ್ಲ, ಪರಿಚಯದವರು ಬಾಜೂಕ್ಕೆ, ಪಕ್ಕದಲ್ಲೇ ನಿಂತು ನಮಸ್ಕಾರ ಹೇಳಿದರೂ ಮುಖ ಕೊಡುವುದಿಲ್ಲ. ಬಸ್ಸಿಗೆ ಕಾದು ಬಳಲಿ ಅಂಗಡಿಗೆ ಬಂದವರೆಲ್ಲ ಇದೇ ಮಾತು ಆಡುವರು. "ನೆತ್ತಿಗೇರೇತಿ ಸೊಕ್ಕ" ಎನ್ನುವರು. ನಾನು ಅವರ ಪರ ವಹಿಸಿ ಜಗಳಾಡಿದ್ದೂ ಉಂಟು.

ಒಂದು ಸಂತೆಯ ದಿನ ಅವರ ಅಕ್ಕ ನನ್ನ ಅಂಗಡಿಗೇ ಬಂದಳು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಬಿಸಿಲಿಗೆ ಕಪ್ಪಿಟ್ಟ ಮುಖ. ಅಷ್ಟು ಹುಡುಗರ ನಡುವೆ ಹಾದು, ಆಡುತ್ತಿದ್ದ ತಮ್ಮನ ಹಿಂದೆ ಹೋಗಿ ನಿಂತಳು.

"ಇಲ್ಲಿ ಗಾಡಿ ಹೊಡಿಯಾಕ ಬರತೈತಿ ನಿನಗ. ಅಲ್ಲಿ ನಿಂದರಸಾಕ ಬರೂದಿಲ್ಲ?"

ಅವರು ಗಡಬಡಿಸಿ ಎದ್ದರು. ಪರದೆಯ ಮೇಲೆ ಕೆಂಪು ಗಾಡಿ ಮರಕ್ಕೆ ಗುದ್ದಿ ಗಿರಗಿರ ತಿರುಗಿತು.

"ಮೊನ್ನಿ ಹೊಲದ ದಾರ್ಯಾಗ ನಿಂತ ಕೈ ಮಾಡಿದ್ನಿ. ನನ್ನ ಮಾರಿ ಮ್ಯಾಲ ಧೂಳ ಹಾರಿಸಿ ಹೋದಿ. ನಾಕ ಮಂದಿ ನಕ್ಕರು. ಅಕ್ಕನ ಕೈ ಕಾಣಲಿಲ್ಲೇನೋ ನಿನಗ?"

ನಾನು ಅವರ ಮುಖ ನೋಡುತ್ತಿದ್ದೆ. ಕಾಣಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೇಳಿದ್ದು ಬೇರೆ.

"ಕಂಡ್ತು" ಎಂದರು. "ನಾನ ನಿಂದರಸಲಿಲ್ಲ."

ಆಕೆ ಕೋಲು ಊರುತ್ತ ಹೊರಟುಹೋದಳು. ಹುಡುಗರು ಕಿಸಕ್ಕೆಂದರು. ಅವರು ಮತ್ತೆ ಸೀಟಿನಲ್ಲಿ ಕುಳಿತು, ನಿಂತುಹೋದ ಆಟದ ಮುಂದೆ ಸ್ಟೇರಿಂಗ್ ಹಿಡಿದುಕೊಂಡೇ ಇದ್ದರು. ಚಹಾದ ಬಟ್ಟಲು, ಮೂಲೆಯ ಅಂಕಿ, ಹಗಲು ಡ್ಯೂಟಿ, ಸೂರ್ಯ ಮುಳುಗುವ ಮುಂಚಿನ ಓಟ, ಎಲ್ಲ ನನಗೆ ಒಮ್ಮೆಗೇ ಅರ್ಥವಾಯಿತು. ಈ ಮನುಷ್ಯ ನಾಳೆ ಬೆಳಿಗ್ಗೆ ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಮೂಡಲಗಿಗೆ ಹೊರಡುತ್ತಾನೆ.

ಹುಡುಗರನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಎಳೆದೆ.

"ಕಾಕಾ, ನಿಮಗ ಬಾಜೂದ್ದ ಕಾಣಸೂದಿಲ್ಲ. ಹೌದೋ ಅಲ್ಲೋ?"

ಸ್ಟೇರಿಂಗಿನಿಂದ ಕೈ ತೆಗೆದು ಹೇಳಿದರು. ಸಣ್ಣವರಿದ್ದಾಗಿನಿಂದಲೂ ಹೊತ್ತು ಮುಳುಗಿದ ಮೇಲೆ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಲಾರಿಯ ದಿನಗಳಲ್ಲೂ ಅದನ್ನು ಹೇಗೋ ಮುಚ್ಚಿಟ್ಟಿದ್ದರು. ಈಗ ಎರಡು ವರ್ಷದಿಂದ ಹಗಲಿನಲ್ಲೂ ಎರಡೂ ಬದಿ ಮಸುಕಾಗುತ್ತಿತ್ತು. "ಪೈಪಿನಾಗಿಂದ ನೋಡಿದಂಗ ಆಗೇತ್ರಿ. ನಡುವಿಂದಷ್ಟ ಚಂದ ಕಾಣತೈತಿ." ಮಿರಜಕ್ಕೆ ಹೋಗಿ ತೋರಿಸಿದ್ದರು. ಇದಕ್ಕೆ ಔಷಧವಿಲ್ಲ, ನಡುವಿನದೂ ಒಂದು ದಿನ ಹೋಗುತ್ತದೆ, ಗಾಡಿ ನಡೆಸಬೇಡಿ ಎಂದಿದ್ದರು ಅಲ್ಲಿನ ಡಾಕ್ಟರು.

"ಅಕ್ಕಗಾದ್ರೂ ಹೇಳಬಾರದೇನ್ರಿ? ಸೊಕ್ಕ ಅಂತ ಬೈಸ್ಕೊಳ್ಳೂದಕ್ಕಿಂತ?"

"ಸೊಕ್ಕಿನ ಡ್ರೈವರ್ ಅಂದ್ರ ಅದರಾಗ ಡ್ರೈವರ್ ಅನ್ನೂದಾದ್ರೂ ಉಳೀತೈತ್ರಿ ಸಾವಕಾರ್ರ. ಕುರುಡ ಅಂದಮ್ಯಾಲ ಏನ ಉಳೀತು? ಆಕಿ ನನ್ನ ಸಲುವಾಗಿ ಜನ್ಮಾ ಪೂರ್ತಿ ಕುರಿ ಹಿಂದ ತಿರಗ್ಯಾಳ. ಹ್ಯಾಂಗ ಹೇಳಲಿ?"

ಆಮೇಲೆ ಇನ್ನೊಂದು ಮಾತು ಹೇಳಿದರು. ಅವರು ನನ್ನ ಅಂಗಡಿಗೆ ಮೋಜಿಗೆ ಬರುತ್ತಿರಲಿಲ್ಲ, ಪರೀಕ್ಷೆಗೆ ಬರುತ್ತಿದ್ದರು. ದಿನಾ ಸಂಜೆ ಕೆಂಪು ಗಾಡಿಯನ್ನು ದೀಪದ ಕಂಬದವರೆಗೆ ಒಯ್ದರೆ ಮರುದಿನ ಬಸ್ಸು ನಡೆಸಬಹುದು ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಮುಟ್ಟಲಾಗದ ದಿನ ಮತ್ತೆ ಮತ್ತೆ ಆಡಿ ಮುಟ್ಟಿಯೇ ಏಳುತ್ತಿದ್ದರು.

"ಕಾಕಾ, ಇದರಾಗ ಬಾಜೂದಿಂದ ಯಾರ ಬರ್ತಾರ್ರಿ? ಒಂದ ನಾಯಿ? ಒಂದ ಕುರಿ? ಎಲ್ಲಾ ಎದರಿಂದನ ಬರತೈತಿ. ಇದ ಎಂಥಾ ಪರೀಕ್ಷಾರಿ?" ನಾನು ಕೂಗಾಡಿಬಿಟ್ಟೆ.

"ಗೊತ್ತೈತ್ರಿ" ಎಂದರು. "ಅದಕ್ಕ ಬರ್ತೇನ್ರಿ ಇಲ್ಲಿ."

ನನಗೆ ಆಟದ ಮೇಲೇ ಸಿಟ್ಟು ಬಂತು. ಅದರ ಒಳ್ಳೆಯತನವೆಂದು ನಾನು ಮೆಚ್ಚಿದ್ದೆಲ್ಲ ಈ ಮನುಷ್ಯನಿಗೆ ಸುಳ್ಳು ಧೈರ್ಯ ಕೊಟ್ಟಿತ್ತು. ಯಂತ್ರದ ವೈರು ಕಿತ್ತು ಸುತ್ತಿ ಕಪಾಟಿನಲ್ಲಿಟ್ಟೆ. ಇವತ್ತೇ ಡಿಪೋಕ್ಕೆ ಹೋಗಿ ಹೇಳಿ, ಇಲ್ಲವಾದರೆ ನಾನೇ ಹೇಳುತ್ತೇನೆ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. "ಹಂಗ ಮಾಡಬ್ಯಾಡ್ರಿ. ನಾ ಯಾರಿಗೂ ಇನ್ನಾತನಕ ಒಂದ ಗೀರ ಸೈತ ತಾಗಿಸಿಲ್ಲ. ಹಗಲಾಗ ನಾ ಹೊಡೀತೇನಿ. ಆ ರೋಡ ನನ್ನ ಮೈಗೆ ಗೊತ್ತೈತಿ" ಎಂದು ಗೋಗರೆದರು. ಬೇಡುವುದು ಅಭ್ಯಾಸವಿಲ್ಲದ ಮನುಷ್ಯ ಬೇಡುವುದನ್ನು ನೋಡುವುದು ಕಷ್ಟ. ಆದರೂ ನಾನು ಜಗ್ಗಲಿಲ್ಲ.

ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನಾಳೆ ನಾನು ಬಸ್ಸಿನಲ್ಲಿ ಅವರ ಪಕ್ಕದ ಬಾನೆಟ್ಟಿನ ಸೀಟಿನಲ್ಲಿ ಕುಳಿತುಕೊಳ್ಳಬೇಕು. ಬಸ್ಸು ನಿಧಾನ ಹೋಗಬೇಕು. ಅವರಿಗೆ ಕಂಡದ್ದನ್ನು ಅವರು ಹೇಳಬೇಕು, ಕಾಣದ್ದನ್ನು ನಾನು ತಕ್ಷಣ ಹೇಳಬೇಕು. ನಾನು ಬಾಯಿ ತೆರೆಯುವ ಪ್ರಸಂಗವೇ ಬರದಿದ್ದರೆ ಅವರು ಗೆದ್ದರು. ಬಂದರೆ, ಮೂಡಲಗಿಯಿಂದ ಹಿಂತಿರುಗುವಾಗ ಅವರು ಸ್ಟೇರಿಂಗ್ ಮುಟ್ಟುವಂತಿಲ್ಲ. "ಇದಾದ್ರೂ ಖರೇ ಪರೀಕ್ಷಾ ಆತಲ್ರಿ ಕಾಕಾ?" ಎಂದೆ. ಗೆಲ್ಲುತ್ತೇನೆಂಬ ನಂಬಿಕೆ ಅವರ ಮುಖದಲ್ಲಿ ಇನ್ನೂ ಇತ್ತು, ಅದನ್ನು ನೋಡಿ ಸಂಕಟವಾಯಿತು.

ಆಮೇಲಿನ ಬಾಳಿನ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅವರು ಕೆಲಸ ಬಿಟ್ಟು ಅಕ್ಕನ ಮನೆ ಸೇರಿದರು. ನಾನು ಆಗೀಗ ಹೋಗಿ ಬರುತ್ತಿದ್ದೆ. ಮನೆ ಮನೆಗೆ ಕಂಪ್ಯೂಟರು ಬಂದ ಮೇಲೆ ನನ್ನ ಅಂಗಡಿಯೂ ಮುಚ್ಚಿತು, ಕೆಂಪು ಗಾಡಿ ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನ ಪಾಲಾಯಿತು. ಅದನ್ನು ಹೇಳಿದಾಗ "ಹೋಗಲಿ ಬಿಡ್ರಿ, ಚಲೋ ರೋಡ ಇತ್ತು" ಎಂದರು. ನಡುವಿನ ಬೆಳಕೂ ಹೋದ ಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ದಾರಿಹೋಕರು ಯಾರಾದರೂ ಕೂಗಿ ಮಾತನಾಡಿಸಿದರೆ ಸಾಕು, ಎಲ್ಲಿಗೆ ಹೊರಟಿರಿ, ಬಸ್ಸು ಸಿಕ್ಕಿತೇ, ಡ್ರೈವರ್ ನಿಲ್ಲಿಸಿದನೇ ಎಂದು ವಿಚಾರಿಸುತ್ತಿದ್ದರು.

ಇನ್ನು ಆ ಪರೀಕ್ಷೆಯ ದಿನ. ಬೆಳಗಿನ ಹತ್ತು ಗಂಟೆಯ ಬಿಸಿಲು, ನಿಚ್ಚಳವಾದ ರಸ್ತೆ. ಗೋಕಾಕ ದಾಟುವವರೆಗೆ ಅವರು ಗಟ್ಟಿ ದನಿಯಲ್ಲಿ ಹೇಳುತ್ತಿದ್ದರು. "ಮುಂದ ಟ್ರಾಕ್ಟರ್. ಮುಂದ ಎತ್ತಿನ ಗಾಡಿ. ಮುಂದ ಲಾರಿ, ಕಬ್ಬಿಂದು." ಎಲ್ಲವೂ ಸರಿ. ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಊರು ಮುಗಿದು ಹೊಲಗಳು ಶುರುವಾದವು.

"ಎಡಕ್ಕ ಸೈಕಲ್, ಕಾಕಾ" ಎಂದೆ.

ಅವರ ನಗು ನಿಂತಿತು. ವೇಗ ಇನ್ನೂ ಇಳಿಸಿದರು.

"ಬಲಕ್ಕ ಸಾಲೀ ಹುಡುಗೂರು. ಎಡಕ್ಕ ಆಕಳ." ಪ್ರತಿ ಸಲವೂ ಅವರ ಹೆಗಲು ಒಮ್ಮೆ ಕುಸಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. "ಎಡಕ್ಕ ಮುದುಕಪ್ಪ, ಕೈ ಮಾಡಾಕತ್ತಾನ."

ಬ್ರೇಕು ಹಾಕಿದರು. ಮುದುಕ ಓಡಿ ಬಂದು ಹತ್ತಿದ. ಇನ್ನಷ್ಟು ದೂರಕ್ಕೆ, ಹಾಲಿನ ಕ್ಯಾನಿನ ಹೆಣ್ಣುಮಗಳು. ಮತ್ತಷ್ಟು ದೂರಕ್ಕೆ, ಕೂಸನ್ನು ಎತ್ತಿಕೊಂಡ ಗಂಡಹೆಂಡತಿ. ನಾನು ಹೇಳುತ್ತಾ ಹೋದೆ, ಅವರು ನಿಲ್ಲಿಸುತ್ತಾ ಹೋದರು. ಹತ್ತಿದವರೆಲ್ಲ ಚೇಷ್ಟೆ ಮಾಡಿದರು. "ಇವತ್ತ ಹೊತ್ತ ಎತ್ತ ಹುಟ್ಟೇತಪಾ, ಡ್ರೈವರ್ ಸಾಹೇಬ್ರ ನಿಂದರಸ್ಯಾರ!" ಎಂದು ಒಬ್ಬ. "ಸೊಕ್ಕ ಇಳೀತ ಕಾಣತೈತಿ" ಎಂದು ಇನ್ನೊಬ್ಬ. ಬಸ್ಸು ತುಂಬ ನಗು.

ಅವರು ಕಂಡಕ್ಟರನ್ನು ಕರೆದರು. "ದಿನಾ ಇಷ್ಟ ಮಂದಿ ಇರ್ತಾರೇನೋ, ರೋಡಿನ ಮ್ಯಾಲ?"

"ಇರ್ತಾರಲ್ರಿ ಕಾಕಾ. ನಾ ಹಿಂದ ಟಿಕೀಟ ಹರೀತಿರ್ತೇನಿ. ಅವರ ಬೈಯೂದ ಅಷ್ಟ ಕೇಳಸತೈತಿ ನನಗ."

ಅವರು ಮತ್ತೆ ರಸ್ತೆಯತ್ತ ತಿರುಗಿದರು. ಕಣ್ಣಿಂದ ನೀರು ಇಳಿದು ಮೀಸೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಯಾರಿಗೂ ಗೀರು ತಾಗಿಸಿಲ್ಲ ಎಂದು ಬೀಗಿದ್ದವರು ಎರಡು ವರ್ಷ ದಿನವೂ ಎಷ್ಟು ಜನರನ್ನು ಧೂಳಿನಲ್ಲಿ ಬಿಟ್ಟು ಬಂದಿದ್ದರೆಂದು ಅವರಿಗೆ ಈಗ ತಿಳಿಯುತ್ತಿತ್ತು. ನನಗೆ ಗೆದ್ದ ಸಮಾಧಾನ ಎಳ್ಳಷ್ಟೂ ಆಗಲಿಲ್ಲ. ಇಲ್ಲೇ ಇಳಿದುಬಿಡೋಣ ಎನಿಸುತ್ತಿತ್ತು.

ತುಕ್ಕಾನಟ್ಟಿಯ ಕಡೆಯ ಹೊಲದ ದಾರಿ ಬಂದು ಕೂಡುವಲ್ಲಿ ಕುರಿ ಮಂದೆ ಮೇಯುತ್ತಿತ್ತು. ಅದರ ಮುಂದೆ, ರಸ್ತೆಯ ಅಂಚಿನಲ್ಲಿ ಅವರ ಅಕ್ಕ ಕೋಲಿಗೆ ಗಲ್ಲ ಊರಿ ನಿಂತಿದ್ದಳು. ಬಸ್ಸಿನ ಸದ್ದು ಕೇಳಿದ್ದೇ ಹೊಲದ ಕಡೆ ತಿರುಗಿಬಿಟ್ಟಳು. ತಮ್ಮನ ಬಸ್ಸಿನ ಹೊತ್ತಿಗೆ ಬಂದು ನಿಲ್ಲುವುದನ್ನು ಆಕೆ ಬಿಟ್ಟಿರಲಿಲ್ಲ, ಕೈ ಮಾಡುವುದನ್ನು ಮಾತ್ರ ಬಿಟ್ಟಿದ್ದಳು.

"ಕಾಕಾ, ಎಡಕ್ಕ ನಿಮ್ಮ ಅಕ್ಕಾರ" ಎಂದೆ. "ಬೆನ್ನ ಮಾಡಿ ನಿಂತಾರ."

ಬಸ್ಸನ್ನು ರಸ್ತೆಯ ಅಂಚಿಗೆ ತಂದು ಇಂಜಿನ್ ಬಂದ್ ಮಾಡಿದರು. ತಮ್ಮ ಬಾಗಿಲಿನಿಂದ ಇಳಿದು, ಬಸ್ಸಿನ ಮೂತಿಗೆ ಅಂಗೈ ಆನಿಸಿಕೊಂಡು ಸುತ್ತಿ ಬಂದರು. ನಾನೂ ಇಳಿದೆ. ಬಸ್ಸಿನ ಕಿಡಕಿಗಳ ತುಂಬ ತಲೆಗಳು.

"ಅಕ್ಕಾ."

ಆಕೆ ತಿರುಗಲಿಲ್ಲ. "ಯಾಕ ನಿಂದರಸಿದಿ? ನಾ ಕೈ ಮಾಡಿಲ್ಲ."

"ಆವತ್ತ ನಾ ನಿನ್ನ ನೋಡಲಿಲ್ಲಬೇ."

"ಕಂಡ್ತು ಅಂದಿದ್ದೆಲಾ, ಅಷ್ಟ ಮಂದಿ ಮುಂದ."

"ಸುಳ್ಳ ಹೇಳಿದ್ನಿ. ನನಗ ಬಾಜೂದ್ದ ಕಾಣೂದ ಬಂದ್ ಆಗೇತಿ. ನಡುವಿಂದೂ ಹೊಂಟೈತಿ. ಇವತ್ತಿಗೆ ಗಾಡಿ ಬಿಟ್ನಿ."

ಆಕೆ ತಿರುಗಿದಳು. ತಮ್ಮನ ಮುಖವನ್ನೇ ನೋಡುತ್ತಾ, ಕೋಲು ಕೆಳಗೆ ಹಾಕಿ, ಬಲಗೈ ಎತ್ತಿ ಅವರ ಕಿವಿಯ ಪಕ್ಕದಲ್ಲಿ ಹಿಡಿದಳು. ಬೆರಳು ಆಡಿಸಿದಳು. ಅವರ ಕಣ್ಣು ಆಕೆಯ ಮುಖದಿಂದ ಕದಲಲಿಲ್ಲ.

"ನನ್ನ ಕೈ ಎಲ್ಲೈತಿ ಹೇಳು."

ಅವರು ತಡೆದರು. ಊಹೆ ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. "ಕೋಲಿನ ಮ್ಯಾಲ ಐತಿ" ಎಂದರು.

ಆಕೆಯ ಬಾಯಿಂದ ಹೊರಟ ಸದ್ದು ಎಂಥದೆಂದು ಹೇಳಲಾರೆ. ಎತ್ತಿದ ಕೈಯಿಂದಲೇ ತಮ್ಮನ ಎದೆಗೆ ಗುದ್ದಿದಳು, ಮತ್ತೆ ಮತ್ತೆ ಗುದ್ದಿದಳು.

"ಸೊಕ್ಕ ಬಂದಿತ್ತ ಅನ್ನೋ. ನಾ ಊರ ತುಂಬ ಹಂಗ ಹೇಳಕೋತ ತಿರಗೇನಿ. ಸೊಕ್ಕ ಬಂದಿತ್ತ ಅಂತನ ಹೇಳೋ ತಮ್ಮಾ. ನಿನ್ನ ಕಾಲ ಬೀಳ್ತೇನಿ, ಸೊಕ್ಕ ಅಂತ ಹೇಳು."

ಅವರು ಆಕೆಯ ಕೈಗಳನ್ನು ತಡವಿ ಹಿಡಿದುಕೊಂಡರು.

"ಹೂಂಬೇ" ಎಂದರು. "ಸೊಕ್ಕ ಬಂದಿತ್ತು."

ಕಂಡಕ್ಟರ್ ಬೇರೆ ಡ್ರೈವರನನ್ನು ಕರೆತರಲು ಗೋಕಾಕದ ಕಡೆ ಹೊರಟ ಲಾರಿಗೆ ಕೈ ಮಾಡಿದರು. ಅಕ್ಕ ಅವರ ರಟ್ಟೆ ಹಿಡಿದು ಮೆಲ್ಲಗೆ ಹೊಲದ ದಾರಿಗೆ ಇಳಿಸಿಕೊಂಡಳು. ಕುರಿಗಳು ಸರಿದು ದಾರಿ ಬಿಟ್ಟವು.